ಕೊಟ್ಟಿಗೆಯ ಪಾಲು

ಅಂಗನೀತಾ ಹಾರ್ಡರ್ ಹುಟ್ಟಿದ್ದೂ ಬಾಳಿದ್ದೂ ಒಂದೇ ಸೂರಿನಡಿ. ಕೆನಡಾದ ಮ್ಯಾನಿಟೋಬಾ ಬಯಲಿಗೆ ಮೊದಮೊದಲು ಬಂದ ಮೆನ್ನೊನೈಟ್ ಪಂಥದ ಕ್ರೈಸ್ತರಲ್ಲಿ ಅವಳ ಅಜ್ಜನೂ ಒಬ್ಬ. ಅವನು ಕಟ್ಟಿದ ಮನೆಗೂ ಕೊಟ್ಟಿಗೆಗೂ ಉದ್ದಕ್ಕೆ ಒಂದೇ ಮಾಡು, ಒಳಗೆ ಒಂದು ನಡುಬಾಗಿಲು. ಬಂದುಹೋಗುವವರೆಲ್ಲ ಕೊಟ್ಟಿಗೆಯ ಮೂಲಕವೇ ಬರುತ್ತಿದ್ದರು. ಮುಂಬಾಗಿಲು ತೆರೆಯುತ್ತಿದ್ದುದು ಮದುಮಗಳಿಗೆ ಮತ್ತು ಹೆಣಕ್ಕೆ ಮಾತ್ರ.

ತಂದೆ ತೀರಿಕೊಂಡಾಗ ಅವಳಿಗೆ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಆ ಪಂಥದವರಲ್ಲಿ ಹೆಣ್ಣಿಗೂ ಗಂಡಿಗೂ ಸಮಪಾಲು. ಯಾರಿಗೆ ಯಾವುದೆಂದು ಚೀಟಿ ಎತ್ತಿ ತೀರ್ಮಾನ. ತಮ್ಮ ಇಸ್ಬ್ರಾಂಡನಿಗೆ ಮನೆ ಬಂತು, ಅವಳಿಗೆ ಕೊಟ್ಟಿಗೆ.

"ಅಕ್ಕಾ, ಕೊಟ್ಟಿಗೆ ನಂಗೇ ಮಾರಿಬಿಡು. ಪೇಟೇಲಿ ಒಂದು ರೂಮು ಹಿಡಿದ್ರಾಯ್ತು," ಎಂದ ಅವನು.

"ಪೇಟೇಲಿ ಹಸು ಎಲ್ಲಿ ಕಟ್ಲಿ? ಮಂಚದ ಕಾಲಿಗಾ?"

ಅವಳು ನಡುಬಾಗಿಲಿನ ಪಕ್ಕದ ಮೇವಿನ ಕೋಣೆಗೆ ಸುಣ್ಣ ಬಳಿದು, ಒಲೆ ಹೂಡಿ, ಅಲ್ಲೇ ನೆಲೆಸಿದಳು. ಅಕ್ಕ ಕೊಟ್ಟಿಗೆಯಲ್ಲಿದ್ದಾಳೆಂಬುದು ಇಸ್ಬ್ರಾಂಡನಿಗೆ ಅವಮಾನ. ಅವಳ ಪಾಲನ್ನು ತನಗೆ ಕೊಡಿಸಿರೆಂದು ಚರ್ಚಿನ ಹಿರಿಯರನ್ನೇ ಕೇಳುವುದಾಗಿ ಹೇಳಿ, ನಡುಬಾಗಿಲಿಗೆ ಹಲಗೆ ಬಡಿದ. ಓಡಾಡಲು ಮುಂಬಾಗಿಲು ತೆರೆದ.

ಮರುದಿನವೇ ಪಕ್ಕದ ಪೆನ್ನರಮ್ಮ ಕರಿ ಶಾಲು ಹೊದ್ದು, ದ್ರಾಕ್ಷಿ ಬ್ರೆಡ್ಡು ಹಿಡಿದು ಅಲ್ಲಿ ನಿಂತಿದ್ದಳು.

"ಯಾರು ಹೋದ್ರಪ್ಪಾ?"

"ಯಾರೂ ಇಲ್ಲ."

"ಅಕ್ಕನಾ? ನಿನ್ನೆ ಚೆನ್ನಾಗಿದ್ಲಲ್ಲ."

"ಇವತ್ತೂ ಚೆನ್ನಾಗೇ ಇದಾಳೆ."

"ಹಾಗಾದ್ರೆ ಮದುವೇನಾ? ನಿಂಗೆ ಹೆಂಡ್ತಿ ಇದಾಳಲ್ಲೋ."

ಆಮೇಲೆ ಆ ಹೊಸ್ತಿಲು ದಾಟಲು ಊರಿನಲ್ಲಿ ಯಾರೂ ಒಪ್ಪಲಿಲ್ಲ. ಚಳಿಗಾಲವಿಡೀ ಇಸ್ಬ್ರಾಂಡನ ಹೆಂಡತಿ ಲೀಸೆ ಭಾನುವಾರದ ಕಾಫಿ ಕಾಯಿಸಿ, ಗಂಡನ ಮುಖ ನೋಡುತ್ತಾ ಕೂತಳು.

"ಹೆಣ ಹೋಗೋ ಬಾಗಿಲಲ್ಲಿ ಕಾಫಿಗೆ ಯಾರು ಬರ್ತಾರೆ? ಆ ಹಲಗೆ ಕೀಳ್ತೀರೋ, ನಾನೇ ಕೀಳ್ಲೋ?"

ಇಸ್ಬ್ರಾಂಡ ಹಲಗೆ ಕಿತ್ತ. ಆ ಬದಿಯಲ್ಲಿ ಅಂಗನೀತಾ ಆಲೂಗಡ್ಡೆ ಸುಲಿಯುತ್ತಿದ್ದಳು.

"ದಾರಿ ಬೇಕಿತ್ತು, ಅಕ್ಕಾ."

"ದಾರಿ ಕೊಡ್ತೀನಿ. ಜಾಗ ಬಿಡಲ್ಲ. ಹಿರಿಯರ ಹತ್ರ ಹೋಗೋದಿದ್ರೆ ಈಗ್ಲೇ ಹೇಳು, ದಾರೀನೂ ಇಲ್ಲ."

"ಹೋಗಲ್ಲ."

"ಬೂಟು ಒರೆಸ್ಕೊಂಡು ಬಾ. ಇದು ನನ್ನ ಅಡುಗೆಮನೆ."

ಸಾಯುವವರೆಗೂ ಅವಳು ಅಲ್ಲೇ ಇದ್ದಳು. ಇಸ್ಬ್ರಾಂಡನ ಮನೆಗೆಂದು ಹೊರಟವರು ಮೊದಲು ಅವಳ ಒಲೆಯ ಬಳಿ ಕೂರುತ್ತಿದ್ದರು. ಎಷ್ಟೋ ಮಂದಿ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ.