ಪನಾಮಾದ ಬಾವುಟ

ವಾಸ್ಕೋದಲ್ಲಿ, ನಮ್ಮಂತೆಯೇ ಊರು ಬಿಟ್ಟು ದುಡಿಯಲು ಬಂದಿದ್ದ ಪಕ್ಕದ ಮನೆಯ ಕಾಕಾ ಬಂದರಿನಲ್ಲಿ ಕಲ್ಲಿದ್ದಲು ಇಳಿಸುತ್ತಿದ್ದರು. ನಾನು ಬಿ.ಎ.ಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುತ್ತಿದ್ದೇನೆಂದು ತಿಳಿದ ಮೇಲೆ, ಸಂಜೆ ಬಾಗಿಲಲ್ಲಿ ಕಾಲು ತೊಳೆಯುತ್ತಲೇ ಆ ದಿನ ಬಂದ ಹಡಗುಗಳ ಬಾವುಟದ ವರದಿ ಒಪ್ಪಿಸುವರು. "ಪನಾಮಾ ಭಾಳ ದೊಡ್ಡ ದೇಶ ನೋಡವಾ" ಎಂಬುದು, ಎಷ್ಟೋ ಹಡಗುಗಳ ಮೇಲೆ ಅದೇ ಬಾವುಟ ಕಂಡಿದ್ದ ಅವರ ಕಾಯಂ ಮಾತು.

ಒಮ್ಮೆ ತಿದ್ದಿದೆ. ಪನಾಮಾ ಪುಟ್ಟ ದೇಶ. ತೆರಿಗೆ ಉಳಿಸಲು ಬೇರೆ ದೇಶದ ಮಾಲೀಕರು ತಮ್ಮ ಹಡಗಿಗೆ ಅದರ ಬಾವುಟ ಹಾಕುತ್ತಾರೆ, ಹಡಗಿನ ಆಳುಗಳು ಮತ್ತೊಂದು ದೇಶದವರು ಎಂದೆ.

ಕಾಕಾ ತಂಬಿಗೆ ಕೆಳಗಿಟ್ಟರು.

"ಹಂಗಾರ ಹಡಗಿನ್ಯಾಗ ಆಳು ಸತ್ರ ಯಾವ ದೇಶದವ್ರು ಬರ್ತಾರ?"

ನಾನು ಒಳಗಿನಿಂದ ಪಠ್ಯಪುಸ್ತಕ ತಂದು ಹುಡುಕತೊಡಗಿದೆ.

"ನಮ್ದೂ ಹಂಗ ಬಿಡವಾ. ಓಟು ಊರಾಗ, ದುಡಿಮಿ ಇಲ್ಲಿ" ಎಂದು ಇನ್ನೊಂದು ಕಾಲು ತೊಳೆದುಕೊಂಡರು.