ಅರ್ಧ ಎಣಿಕೆಯ ಜಗಳ

ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಓದುವಾಗ ನನ್ನ ಜೊತೆ ಒಂದೇ ಬಾಡಿಗೆ ಮನೆಯಲ್ಲಿದ್ದ ಹುಬ್ಬಳ್ಳಿಯ ಗೆಳೆಯನಿಗೆ ಡ್ರಮ್ ಮಷೀನ್ ಹುಚ್ಚು, ನನಗೆ ಹಾಡಿನ ಹುಚ್ಚು. ಓದು ಮುಗಿದ ಮೇಲೆ ನಾನು ಕೆಲಸ ಸಿಕ್ಕಿ ಸಿಡ್ನಿಯ ವೆಸ್ಟ್‌ಮೀಡ್‌ಗೆ ಬಂದೆ. ಅವನು ಕಾಯಂ ನೆಲೆಸುವ ಪಿಆರ್, ಮದುವೆ, ಮನೆಸಾಲ ಎಲ್ಲವನ್ನೂ ಕ್ಲೇಟನ್‌ನಲ್ಲೇ ಮಾಡಿಕೊಂಡ. ಆದರೂ ವರ್ಷಕ್ಕೆ ಮೂರು ನಾಲ್ಕು ಸಲ ಅವನ ಗ್ಯಾರೇಜಿನಲ್ಲಿ ಕೂತು ಬಾರಿಸಿ ಹಾಡುವುದನ್ನು ಮಾತ್ರ ಬಿಟ್ಟಿರಲಿಲ್ಲ.

ನನ್ನ ಹತ್ತಿರ ಒಂದು ಲೂಪರ್ ಇತ್ತು. ಕಾಲಲ್ಲಿ ಪೆಡಲ್ ಒತ್ತಿ ಒಂದು ಸಾಲು ಹಾಡಿ ಮತ್ತೆ ಒತ್ತಿದರೆ ಆ ಸಾಲು ಸುತ್ತಿ ಸುತ್ತಿ ಬರುತ್ತಲೇ ಇರುತ್ತದೆ. ಅದರ ಮೇಲೆ ಇನ್ನೊಂದು ಸಾಲು ಹಾಡಬಹುದು. ಅವನ ಡ್ರಮ್ ಮಷೀನಿನಿಂದ ನನ್ನ ಲೂಪರಿಗೆ ಲಯದ ಸಂಕೇತ ಒಯ್ಯುವ ಒಂದು ಮಿಡಿ (MIDI) ಕೇಬಲ್ ಚುಚ್ಚಿದರೆ ಎರಡೂ ಒಂದೇ ಲಯದಲ್ಲಿ ನಡೆಯಬೇಕು. ನಡೆಯುತ್ತದೆ ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿತ್ತು.

ಆ ವರ್ಷ ಮೆಲ್ಬರ್ನ್ ಕನ್ನಡಿಗರ ರಾಜ್ಯೋತ್ಸವದಲ್ಲಿ ನಮಗೆ ಹತ್ತು ನಿಮಿಷ ಕೊಟ್ಟಿದ್ದರು. ಅದಕ್ಕಾಗಿ ಗೆಳೆಯ ಕಮಿಟಿಯ ಅಂಕಲ್‌ಗಳ ಹಿಂದೆ ತಿಂಗಳುಗಟ್ಟಲೆ ಅಲೆದಿದ್ದ. ಕರೋಕೆ ಟ್ರ್ಯಾಕ್ ಹಾಕಿಕೊಂಡು ಹಾಡಿದರೆ ಸಾಕಲ್ಲ, ಈ ಡ್ರಮ್ ಡಬ್ಬಿ ಯಾಕೆ ಎಂಬುದು ಅವರ ವಾದ. ಆ ಡಬ್ಬಿಯನ್ನು ಒಮ್ಮೆ ಎಲ್ಲರ ಮುಂದೆ ಬಾರಿಸಿ ತೋರಿಸಬೇಕು ಎಂಬುದು ಅವನ ಆಸೆ. ಬೇರೆ ಯಾವುದಕ್ಕೂ ಅವನು ಯಾರ ಹಿಂದೆಯೂ ಹಾಗೆ ಹೋದವನಲ್ಲ.

ಕಾರ್ಯಕ್ರಮ ಭಾನುವಾರ. ಶನಿವಾರ ಬೆಳಿಗ್ಗೆಯೇ ವಿಮಾನ ಹತ್ತಿದೆ. ಸಿಡ್ನಿ ಏರ್‌ಪೋರ್ಟಿನಲ್ಲಿ ಬ್ಯಾಗ್ ತೆಗೆಸಿ, ವೈರುಗಳ ನಡುವಿದ್ದ ಪೆಡಲನ್ನು ಮೂವರು ತಿರುಗಿಸಿ ನೋಡಿದರು. ಹಾಡಲಿಕ್ಕೆ ಅಂದರೆ ಯಾರೂ ನಂಬಲಿಲ್ಲ. ನನ್ನ ತಲೆ ಅಲ್ಲಿಂದಲೇ ಕೆಟ್ಟಿತ್ತು.

ನಾವು ಆರಿಸಿದ್ದು ನಾನು ಚಿಕ್ಕಂದಿನಲ್ಲಿ ಕಲಿತ ಒಂದು ದೇವರನಾಮ. ತಾಳದ ಮೊದಲ ಏಟು ಬಿದ್ದು ಅರ್ಧ ಎಣಿಕೆ ಕಳೆದ ಮೇಲೆ ಅದನ್ನು ಎತ್ತಬೇಕು. ಏಳು ವರ್ಷ ಸಂಗೀತದ ಮೇಡಂ ಮುಂದೆ ಕೂತು ತೊಡೆ ತಟ್ಟಿ ಕಲಿತವನಿಗೆ ಅದೇನು ದೊಡ್ಡದಲ್ಲ. ಮಧ್ಯಾಹ್ನ ಅವನ ಗ್ಯಾರೇಜಿನಲ್ಲಿ ಅಭ್ಯಾಸಕ್ಕೆ ಕೂತಾಗ ಮೊದಲ ಸುತ್ತು ಚೆನ್ನಾಗಿಯೇ ಬಂತು. ನಡುವೆ ಒಂದು ಕಡೆ ಡ್ರಮ್, ಲೂಪರ್ ಎರಡನ್ನೂ ನಿಲ್ಲಿಸಿ, ನಾಲ್ಕು ಎಣಿಸಿ, ಮತ್ತೆ ಒಟ್ಟಿಗೆ ಶುರು ಮಾಡಬೇಕಿತ್ತು. ಅವನು ಸ್ಟಾರ್ಟ್ ಒತ್ತಿದ. ಲೂಪರಿನಲ್ಲಿದ್ದ ನನ್ನದೇ ದನಿ ಡ್ರಮ್ಮಿನ ಮುಂದೆ ಮುಂದೆ ಓಡಿತು.

ಕೇಬಲ್ ಬದಲಿಸಿದೆವು. ಅಡಾಪ್ಟರ್ ಬದಲಿಸಿದೆವು. ಎರಡನ್ನೂ ಆಫ್ ಮಾಡಿ ಆನ್ ಮಾಡಿದೆವು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಯಾವನೋ ಒಬ್ಬ ಇದೇ ತೊಂದರೆ ಅಂತ ಬರೆದಿದ್ದ, ಕೆಳಗೆ ಒಂದೂ ಉತ್ತರವಿರಲಿಲ್ಲ. ಸಂಜೆಯಾಗುವ ಹೊತ್ತಿಗೆ ನಾನು ಆ ಡ್ರಮ್ ಮಷೀನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಗೆಳೆಯ ಮಾತ್ರ ನನ್ನ ಕಾಲನ್ನೇ ನೋಡುತ್ತಿದ್ದ. ಕೊನೆಗೆ, "ನೀ ಪೆಡಲ್ ಒತ್ತೂದು..." ಅಂತ ಶುರು ಮಾಡಿದ.

"ತಾಳದ ವಿಷಯ ನನಗೆ ಬಿಡು," ಅಂದೆ. "ನಿನಗೆ ತಾಳ ಗೊತ್ತಿಲ್ಲ. ಬಟನ್ ಒತ್ತೋದು ಗೊತ್ತು, ಅಷ್ಟೇ."

ಅವನ ಹೆಂಡತಿ ಗಿರ್ಮಿಟ್ ತಂದು ನಿಂತಿದ್ದರು. ತಟ್ಟೆಗಳನ್ನು ಸ್ಪೀಕರಿನ ಮೇಲಿಟ್ಟು ಒಳಗೆ ಹೋದರು.

ಮರುದಿನ ನಾನೊಬ್ಬನೇ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಹಾಡಿದೆ. ಅವನು ಹಾಲ್‌ನ ಹಿಂದೆ ನಿಂತು ನನ್ನ ಮೈಕಿನ ಸೌಂಡ್ ನೋಡಿಕೊಂಡ. ಡಬ್ಬಿ ಬಿಟ್ಟಿದ್ದೇ ಒಳ್ಳೆಯದಾಯಿತು ಅಂತ ಕಮಿಟಿಯ ಅಂಕಲ್ ಒಬ್ಬರು ಅವನೆದುರಿಗೇ ನನ್ನ ಬೆನ್ನು ತಟ್ಟಿದರು. ನನಗೆ ಹಿತವಾಯಿತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎರಡು ವಾರ ಕಳೆದು, ವೆಸ್ಟ್‌ಮೀಡ್‌ನ ಫ್ಲ್ಯಾಟಿನಲ್ಲಿ, ಹಟಕ್ಕೆ ಬಿದ್ದು ಅದೇ ಹಾಡು ಹಿಡಿದು ಕೂತೆ. ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಕಾಲು ಪೆಡಲಿನ ಮೇಲಿತ್ತು. ಕೈ ಬಿತ್ತು. ಆಮೇಲೆ ಕಾಲು ಬಿತ್ತು. ಮತ್ತೆ ಮಾಡಿದೆ, ಮತ್ತೆ ಹಾಗೇ. ಹಾಡು ಎತ್ತುವ ಜಾಗದಲ್ಲಿ ನಾನು ಒತ್ತುತ್ತಿದ್ದೆ. ಲೂಪರ್ ಅದನ್ನೇ ತಾಳದ ಆರಂಭ ಅಂದುಕೊಂಡು, ನಿಲ್ಲಿಸಿ ಶುರು ಮಾಡಿದಾಗಲೆಲ್ಲ ನನ್ನ ದನಿಯನ್ನು ಅರ್ಧ ಎಣಿಕೆ ಮೊದಲೇ ತರುತ್ತಿತ್ತು. ಅವನ ಮಷೀನಿನಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆಗಲೇ ಫೋನ್ ಮಾಡಿದೆ. ಅವನು ನಕ್ಕು ನಾಲ್ಕು ಬೈದು ಮುಗಿಸುತ್ತಾನೆ ಅಂದುಕೊಂಡಿದ್ದೆ. ಎಲ್ಲ ಕೇಳಿಸಿಕೊಂಡ.

"ನನಗ ಶನಿವಾರನ ಗೊತ್ತಾಗಿತ್ತು," ಅಂದ.

ಯಾಕೆ ಹೇಳಲಿಲ್ಲ ಅಂತ ಕೇಳಿದೆ. ತಪ್ಪು ಒಪ್ಪಿಕೊಳ್ಳಲು ಮಾಡಿದ ಫೋನಿನಲ್ಲೂ ನನ್ನ ದನಿ ಏರಿತ್ತು.

"ಹೇಳಾಕ ಬಂದಿದ್ದೆ. ನೀ 'ನಿನಗ ತಾಳ ಗೊತ್ತಿಲ್ಲ' ಅಂದಿ. ಇರಬಹುದು ಅನ್ಕೊಂಡು ಸುಮ್ಮನಾದೆ."

ಮುಂದಿನ ತಿಂಗಳು ಬರುತ್ತೇನೆ, ಹೊಸ ಕೇಬಲ್ ತರುತ್ತೇನೆ ಅಂದೆ. ಡ್ರಮ್ ಮಷೀನನ್ನು ಆಫೀಸಿನ ಒಬ್ಬರ ಮಗಳಿಗೆ ಕೊಟ್ಟುಬಿಟ್ಟಿದ್ದಾಗಿ ಹೇಳಿದ. ಸಿಟ್ಟಿನಿಂದ ಹೇಳಲಿಲ್ಲ. ಗ್ಯಾರೇಜಿನಲ್ಲಿ ಈಗ ಕಾರು ನಿಲ್ಲುತ್ತದಂತೆ.

ಕೇಬಲ್ ಕೊಂಡುತಂದೆ. ಈಗ ಹಾಡಿಗೆ ಅರ್ಧ ಎಣಿಕೆ ಮೊದಲು, ತಾಳದ ಏಟಿಗೇ ಸರಿಯಾಗಿ ಪೆಡಲ್ ಒತ್ತುತ್ತೇನೆ. ಒಂದು ಸಲವೂ ತಪ್ಪುವುದಿಲ್ಲ. ಅವನ ಮಷೀನಿಗೆ ಚುಚ್ಚಬೇಕಾದ ಕೇಬಲಿನ ಆ ತುದಿ ಮಾತ್ರ ನೆಲದ ಮೇಲೆ ಬಿದ್ದಿರುತ್ತದೆ.