ಕಂಟ್ರೋಲರ್ ಮಾಣಿಕನ ಒಂದು ತಾಸಿನ ಕಪ್ತಾನಗಿರಿ

ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಮಾಣಿಕ ಇಪ್ಪತ್ತು ವರ್ಷ ಮೈಕಿನ ಮುಂದೆ ಕೂತಿದ್ದ. ಅಷ್ಟೂ ವರ್ಷಗಳಲ್ಲಿ ಒಂದು ದಿನವೂ ಅವನು ಬಸ್ಸು ಬಂತೆಂದು ಸುಮ್ಮನೆ ಹೇಳಿದವನಲ್ಲ.

"ನಾರಾಯಣಖೇಡದ ಗಾಡಿ ಗೇಟಿನ ಹತ್ರ ಬಂದದ... ಡ್ರೈವರ್ ಹಣಮಯ್ಯ ಎಡಕ್ಕ ತಿರುಗಿಸ್ಯಾನ... ಮುಂದ ಒಂದು ಎಮ್ಮಿ ಅದ... ಎಮ್ಮಿ ತಪ್ಪಿಸ್ಯಾನ! ಬಹಳ ಸುಂದರ! ಮೂರನೇ ಪ್ಲಾಟ್‌ಫಾರ್ಮಿಗೆ ಬಂದು ನಿಂತದ!"

ಇದನ್ನು ಮೊದಲು ತೆಲುಗಿನಲ್ಲಿ, ಆಮೇಲೆ ಉರ್ದುವಿನಲ್ಲಿ, ಕೊನೆಗೆ ನಿಯಮದಲ್ಲಿ ಇಲ್ಲದಿದ್ದರೂ ಕನ್ನಡದಲ್ಲಿ ಹೇಳುತ್ತಿದ್ದ. ಮೂರು ಭಾಷೆ ಮುಗಿಯುವಷ್ಟರಲ್ಲಿ ಎಷ್ಟೋ ಸಲ ಬಸ್ಸು ಹೊರಟುಹೋಗಿರುತ್ತಿತ್ತು. ಜನ ಬೈಯುತ್ತಿದ್ದರು, ಆದರೆ ಅವನು ರಜೆ ಹಾಕಿದ ದಿನ ನಿಲ್ದಾಣ ಬಿಕೋ ಎನ್ನುತ್ತದೆಂದು ಅವರೇ ಗೊಣಗುತ್ತಿದ್ದರು.

ಈ ಕಾಮೆಂಟರಿ ರೋಗದ ಬೇರು ಇದ್ದದ್ದು ಸಮುದ್ರದಾಚೆಯ ವೆಸ್ಟ್ ಇಂಡೀಸಿನಲ್ಲಿ. ಮಾಣಿಕ ಸಮುದ್ರವನ್ನೇ ಕಂಡವನಲ್ಲ. ಅವನು ನೋಡಿದ ಅತಿ ದೊಡ್ಡ ನೀರೆಂದರೆ ಸಿಂಗೂರಿನ ಅಣೆಕಟ್ಟು. ಆದರೂ ಹಳೆಯ ಟ್ರಿಪ್ ಶೀಟುಗಳ ಬೆನ್ನಿನ ಮೇಲೆ ಅವನೊಂದು ಗ್ರಂಥ ಬರೆಯುತ್ತಿದ್ದ. ಹೆಸರು: 'ಮಹಾಯುದ್ಧದ ನಂತರದ ವೆಸ್ಟ್ ಇಂಡೀಸ್ ಕ್ರಿಕೆಟ್ಟಿನ ಸಮಗ್ರ ಚರಿತ್ರೆ'. ಮೂರು ಕಟ್ಟುಗಳಾಗಿದ್ದವು. ಮನೆಯಲ್ಲಿ ಜೋಳದ ಡಬ್ಬಿಯ ಮೇಲೆ, ಬುದ್ಧನ ಪಟದ ಕೆಳಗೆ ಅವಕ್ಕೆ ಜಾಗ. ಜೋಳ ತೆಗೆಯುವಾಗಲೆಲ್ಲ ಹೆಂಡತಿ ಸಾಯಮ್ಮ ಇಡೀ ಚರಿತ್ರೆಯನ್ನು ಎತ್ತಿ ಕೆಳಗಿಡಬೇಕಾಗುತ್ತಿತ್ತು.

"ನಿಮ್ಮ ದ್ವೀಪದವ್ರು ಒಂದಿನ ಬಂದು ಈ ಕಟ್ಟು ಎತ್ತಿ ಕೊಟ್ಟಾರೇನ್ರಿ?" ಎಂದು ಅವಳು ಕೇಳುತ್ತಿದ್ದಳು.

"ಅವ್ರು ಎತ್ತಿದ್ದು ಬ್ಯಾರೆ ಅದ ಸಾಯಿ. ನಿನಗ ತಿಳಿಯಂಗಿಲ್ಲ."

ಅವಳಿಗೆ ಎಲ್ಲವೂ ತಿಳಿದಿತ್ತು. ಮದುವೆಯಾದಂದಿನಿಂದ ಕೇಳಿದ್ದಳಲ್ಲ.

ಕತೆ ಶುರುವಾದದ್ದು ಅರವತ್ತೊಂಬತ್ತರಲ್ಲಿ, ಪ್ರತ್ಯೇಕ ತೆಲಂಗಾಣದ ಮೊದಲ ಚಳವಳಿಯ ವರ್ಷ. ಶಾಲೆಗಳಿಗೆಲ್ಲ ಬೀಗ. ಮಾಣಿಕನ ಊರಾದ ನ್ಯಾಲ್ಕಲ್ಲಿನ ಹುಡುಗರು ಊರಾಚೆಯ ಹಾಳು ಹೊಲದಲ್ಲಿ ದಿನವಿಡೀ ಕ್ರಿಕೆಟ್ ಆಡಿದರು. ಬ್ಯಾಟು ಕಿರಾಣಿ ಸಾಹುಕಾರರ ಮಗ ಮನ್ಮಥಪ್ಪನದು, ಆದ್ದರಿಂದ ಕಪ್ತಾನನೂ ಅವನೇ. ಹದಿನಾರರ ಮಾಣಿಕ ಎಲ್ಲರಿಗಿಂತ ಜೋರಾಗಿ ಚೆಂಡೆಸೆಯುತ್ತಿದ್ದ. ಚೆಂಡು ಊರಬಾವಿಗೆ ಬಿದ್ದರೆ ಅವನು ಇಳಿಯುವಂತಿರಲಿಲ್ಲ; ಜಾಲಿಮುಳ್ಳಿಗೆ ಬಿದ್ದರೆ ಅವನೇ ಇಳಿಯಬೇಕಿತ್ತು.

ಕೆಲಸವಿಲ್ಲದೆ ಕೂತಿದ್ದ ಲೆಕ್ಕದ ಮಾಸ್ತರ ಕಾಶಿರಾಮ ಒಂದು ಸಂಜೆ ಅವನಿಗೆ ದೂರದ ದ್ವೀಪಗಳ ಕತೆ ಹೇಳಿದ. ಗುಲಾಮರಾಗಿ ಬಂದವರ ಮೊಮ್ಮಕ್ಕಳು ಯಜಮಾನರ ಆಟವನ್ನು ಯಜಮಾನರಿಗಿಂತ ಚೆನ್ನಾಗಿ ಕಲಿತದ್ದು, ಐವತ್ತರಲ್ಲಿ ಇಂಗ್ಲೆಂಡಿಗೇ ಹೋಗಿ ಲಾರ್ಡ್ಸ್ ಮೈದಾನದಲ್ಲಿ ಗೆದ್ದದ್ದು. ಗೆದ್ದರೂ ಕಪ್ತಾನ ಮಾತ್ರ ಬಿಳಿಯನೇ. ನಲವತ್ತೆಂಟರಲ್ಲಿ ಹೆಡ್ಲೀ ಎಂಬ ಕರಿಯನಿಗೆ ಒಂದೇ ಒಂದು ಪಂದ್ಯಕ್ಕೆ ಆ ಪಟ್ಟ ಸಿಕ್ಕಿತ್ತು. ಪೂರ್ತಿ ಸರಣಿಗೆ ಫ್ರಾಂಕ್ ವೊರೆಲ್ ಎಂಬ ಕರಿಯ ಕಪ್ತಾನನಾಗಬೇಕಾದರೆ ಅರವತ್ತನೇ ಇಸವಿ ಬರಬೇಕಾಯಿತು.

ಮಾಣಿಕ ಆ ರಾತ್ರಿಯೆಲ್ಲ ಮಗ್ಗಲು ಬದಲಿಸಿ, ಬೆಳಿಗ್ಗೆ ಹೊಲದಲ್ಲಿ ಧೈರ್ಯ ಮಾಡಿ ಕೇಳಿಯೇಬಿಟ್ಟ.

"ಸಣ್ಣ ಸಾಹುಕಾರ್ರೆ, ಒಂದು ಸಲ ನಾ ಕ್ಯಾಪ್ಟನ್ ಆಗ್ತೀನ್ರಿ."

"ಬ್ಯಾಟು ಯಾರ್ದೋ ಮಾಣಿಕ್ಯಾ?"

"ನಿಮ್ದರಿ."

"ಮತ್ತ? ನಿನ್ನ ದನಿ ಛಲೋ ಅದ. ನೀ ಕಾಮೆಂಟ್ರಿ ಹೇಳು." ಅಂಗಡಿಯಿಂದ ಸೀಮೆಎಣ್ಣೆ ಹೊಯ್ಯುವ ಲಾಳಿಕೆಯೊಂದನ್ನು ತರಿಸಿ ಮನ್ಮಥಪ್ಪ ಅವನ ಕೈಗಿತ್ತ. ಹುಡುಗರೆಲ್ಲ ನಕ್ಕರು. ಮಾಣಿಕನೂ ನಕ್ಕ. ಲಾಳಿಕೆಯನ್ನು ಬಾಯಿಗಿಟ್ಟುಕೊಂಡ. ಸೀಮೆಎಣ್ಣೆಯ ವಾಸನೆ ಆಮೇಲೆ ಅವನ ಬಾಯಿಂದ ಪೂರ್ತಿ ಹೋಗಲೇ ಇಲ್ಲ.

ಮುಂದೆ ಇಬ್ಬರೂ ಒಂದೇ ಬಸ್ ಡಿಪೋ ಸೇರಿದರು. ಮನ್ಮಥಪ್ಪ ಗುಮಾಸ್ತನಾಗಿ ಬಂದು ಸೂಪರಿಂಟೆಂಡೆಂಟನಾದ. ಮಾಣಿಕ ಕಂಡಕ್ಟರನಾಗಿ ಬಂದು ಕಂಟ್ರೋಲರನಾದ. ಸಂಕ್ರಾಂತಿಗೊಮ್ಮೆ ಸಿಬ್ಬಂದಿಯ ಪಂದ್ಯ ನಡೆದರೆ ಹುದ್ದೆಯಲ್ಲಿ ದೊಡ್ಡವರು ಕಪ್ತಾನರು. ಮಾಣಿಕನಿಗೆ ಮೈಕು. "ನಿನ್ನಂಥ ದನಿ ಇಡೀ ಜಿಲ್ಲಾದಾಗಿಲ್ಲೋ" ಎಂದು ಎಲ್ಲರೂ ಬೆನ್ನು ತಟ್ಟುವರು. ಅಷ್ಟು ಪ್ರೀತಿಯಿಂದ ತಟ್ಟಿದ ಬೆನ್ನನ್ನು ತಿರುಗಿಸಿ ಜಗಳ ಮಾಡುವುದು ಹೇಗೆ?

ಎರಡು ಸಾವಿರದ ಹನ್ನೊಂದರ ಸೆಪ್ಟೆಂಬರಿನಲ್ಲಿ ಸಕಲ ಜನರ ಸಮ್ಮೆ, ಅಂದರೆ ಪ್ರತ್ಯೇಕ ತೆಲಂಗಾಣಕ್ಕಾಗಿ ಎಲ್ಲರ ಮುಷ್ಕರ, ಬಂತು. ಬಸ್ಸು, ಕಚೇರಿ, ಶಾಲೆ ಎಲ್ಲ ಬಂದ್. ಅದೇ ತಿಂಗಳ ಮೂವತ್ತಕ್ಕೆ ಮಾಣಿಕನಿಗೆ ಐವತ್ತೆಂಟು ತುಂಬಿ ನಿವೃತ್ತಿ. ಡಿಪೋಗೆ ಬೀಗ ಬಿದ್ದಿದ್ದರಿಂದ ಶಾಲು, ಹಾರ, ಫೋಟೋ ಏನೂ ಇಲ್ಲ. ಶಾಲು ಹೋದದ್ದಕ್ಕೆ ಅವನಿಗೆ ದುಃಖವಿರಲಿಲ್ಲ. ಆದರೆ ಮುಂದಿನ ಸಂಕ್ರಾಂತಿಯ ಪಂದ್ಯಕ್ಕೆ ಅವನು ಸಿಬ್ಬಂದಿಯೇ ಅಲ್ಲ. ಕಪ್ತಾನನಾಗದೆಯೇ ಆಯುಷ್ಯದ ಇನ್ನಿಂಗ್ಸು ಮುಗಿಯುತ್ತಿತ್ತು. ಒಳಗೆ ಕೊರೆಯುತ್ತಿದ್ದದ್ದು ಅದು.

ನಿವೃತ್ತಿಯ ದಿನದವರೆಗೆ ಸಮ್ಮೆಯ ಡೇರೆ ಅವನಿಗೆ ಹಬ್ಬವಾಯಿತು. ಸರದಿ ಉಪವಾಸಕ್ಕೆ ಕೂತವರು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಉಣ್ಣುವಂತಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ಇಂಥ ಶ್ರೋತೃಗಳು ಯಾವ ಚರಿತ್ರೆಕಾರನಿಗೆ ಸಿಕ್ಕಾರು? ದಿನಕ್ಕೊಂದು ಅಧ್ಯಾಯ ಓದಿದ.

ಸಮ್ಮೆ ಸಮಿತಿಯ ಸಂಚಾಲಕ, ಜೂನಿಯರ್ ಕಾಲೇಜಿನ ಉಪನ್ಯಾಸಕ ಗುರುಬಸವ, 'ಎರಡೇ ಮಾತು' ಎಂದು ಆರಂಭಿಸಿ ನಲವತ್ತು ನಿಮಿಷ ಮಾತಾಡುವ ಮನುಷ್ಯ. ಮೈಕಿನ ಮೇಲೆ ಬೇರೆಯವರ ನೆರಳು ಬಿದ್ದರೂ ಅವನಿಗೆ ಸಂಕಟ. ದ್ವೀಪಗಳ ಒಕ್ಕೂಟದ ಅಧ್ಯಾಯ ಬಂದ ದಿನ ಅವನು ಜಿಗಿದೆದ್ದ.

ಮಾಣಿಕ ಓದಿದ್ದಿಷ್ಟೆ: ಹತ್ತು ದ್ವೀಪಪ್ರದೇಶಗಳು ಸೇರಿ ಐವತ್ತೆಂಟರಲ್ಲಿ ಒಂದು ಒಕ್ಕೂಟ ಕಟ್ಟಿದವು. ನಾಲ್ಕು ವರ್ಷಕ್ಕೆ ಅದು ಮುರಿಯಿತು. ಜಮೈಕಾ ಬೇರೆಯಾಯಿತು, ಟ್ರಿನಿಡಾಡ್ ಬೇರೆಯಾಯಿತು. ಕ್ರಿಕೆಟ್ ತಂಡ ಮಾತ್ರ ಒಂದಾಗಿಯೇ ಉಳಿಯಿತು.

"ಏ ಮಾಣಿಕರಾವ್, ಮೈಕ್ ಕೊಡ್ರಿ ಇತ್ತ! ಬ್ಯಾರೆ ರಾಜ್ಯ ಬೇಕು ಅಂತ ನಾವು ಉಪಾಸ ಕುಂತ್ರ, ನೀವು ಕೂಡಿ ಇರ್ರಿ ಅಂತ ಹೇಳಾಕ ಬಂದೀರೇನು?"

ಡೇರೆಯಲ್ಲಿ ಗುಜುಗುಜು ಎದ್ದಿತು. ಹೊಟ್ಟೆ ಖಾಲಿಯಿರುವಾಗ ಸಂಶಯ ಬೇಗ ತುಂಬಿಕೊಳ್ಳುತ್ತದೆ.

"ಪೂರಾ ಕೇಳ್ರಿ ಸರ್," ಎಂದ ಮಾಣಿಕ. "ಮನಿ ಬ್ಯಾರೆ ಆತು. ಯಾರ ಮ್ಯಾಲೂ ಯಾರೂ ಯಜಮಾನಕಿ ನಡಸಂಗಿಲ್ಲ ಅಂತ ಆತು. ಅದಕ್ಕೇ ಮೈದಾನದಾಗ ಕೂಡಿ ಆಡಿದ್ರು. ಮೊದಲು ಪಾಲು, ಆಮ್ಯಾಲೆ ಆಟ."

ಚಪ್ಪಾಳೆ ಬಿತ್ತು. ಮರುದಿನ ಗುರುಬಸವ ತಾಂಡೂರಿನ ಸಭೆಯಲ್ಲಿ ಇದೇ ಮಾತನ್ನು ತನ್ನದೆಂದು ಹೇಳಿ ಇನ್ನೂ ಹೆಚ್ಚು ಚಪ್ಪಾಳೆ ಗಿಟ್ಟಿಸಿದ.

ವೊರೆಲನ ಅಧ್ಯಾಯದ ದಿನ ಮಾಣಿಕ ಹಾಳೆ ನೋಡಲೇ ಇಲ್ಲ. ಆಸ್ಟ್ರೇಲಿಯಾಕ್ಕೆ ಹೋದದ್ದು, ಬ್ರಿಸ್ಬೇನಿನಲ್ಲಿ ಎರಡೂ ಕಡೆಯ ರನ್ನು ಸಮಸಮವಾಗಿ ಪಂದ್ಯ ಟೈ ಆದದ್ದು, ಕೊನೆಗೆ ಎರಡು-ಒಂದರಿಂದ ಸರಣಿ ಸೋತದ್ದು. ಸೋತವರನ್ನು ತೆರೆದ ಕಾರುಗಳಲ್ಲಿ ಕೂರಿಸಿ ಮೆಲ್ಬೋರ್ನಿನ ಬೀದಿಯಲ್ಲಿ ಲಕ್ಷಾಂತರ ಜನ ಬೀಳ್ಕೊಟ್ಟದ್ದು. "ಅದಕ್ಕಿಂತ ಮೊದಲು ಹೆಂಗಿತ್ತು ಗೊತ್ತದೇನು? ಹತ್ತು ಮಂದಿ ಆಡೋರು, ಒಬ್ಬ ಟಾಸ್ ಮಾಡೋನು."

ಮೊದಲ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಮನ್ಮಥಪ್ಪ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ. "ಅನ್ಯಾಯ ಅದು. ಭಾರೀ ಅನ್ಯಾಯ."

ಮಾಣಿಕ ಅವನ ಮುಖವನ್ನೇ ನೋಡಿದ. ಅಲ್ಲಿ ಪ್ರಾಮಾಣಿಕವಾದ ಮರುಕ ಬಿಟ್ಟರೆ ಬೇರೇನೂ ಇರಲಿಲ್ಲ.

ಅದಾಗಿ ಎರಡು ದಿನಕ್ಕೆ ಡಿಪೋ ಗೇಟಿನ ಮೇಲೆ ಚೀಟಿ ಅಂಟಿತು. ರಸ್ತಾರೋಕೋದ ಅಂಗವಾಗಿ ಮೂವತ್ತನೇ ತಾರೀಖು ಹನ್ನೆರಡರಿಂದ ಒಂದು ಗಂಟೆಯವರೆಗೆ ಮುಂಬೈ ಹೆದ್ದಾರಿಯ ಮೇಲೆ ಕ್ರಿಕೆಟ್: ಬಸ್ ನೌಕರರು ಮತ್ತು ಮಾಸ್ತರುಗಳು. ಕಪ್ತಾನ: ಶ್ರೀ ಮನ್ಮಥಪ್ಪ, ಸೂಪರಿಂಟೆಂಡೆಂಟ್. ಕೆಳಗೆ: ಕಾಮೆಂಟರಿ, ಶ್ರೀ ಮಾಣಿಕ.

ಮನೆಗೆ ಬಂದವನ ಮುಖ ನೋಡಿ ಸಾಯಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಯಾಕ್ರಿ, ಏನಾತು?"

"ಏನಿಲ್ಲ. ಮತ್ತ ಲಾಳಿಕಿ ಕೊಟ್ಯಾರ."

"ಇಷ್ಟು ವರ್ಷ ನನ್ನ ಮುಂದ ಹೇಳಿದ್ದು ಅವರ ಮುಂದ ಒಮ್ಮೆ ಹೇಳ್ರಿ. ನನ್ನ ಕೈಲಿ ನಿಮಗ ಕ್ಯಾಪ್ಟನ್ ಮಾಡಾಕ ಆಗ್ತದೇನು?"

"ಈ ಮನ್ಯಾಗ ಕ್ಯಾಪ್ಟನ್ ಯಾರು ಅಂತ ಓಣಿಗೇ ಗೊತ್ತದ ಬಿಡು."

"ಹಂಗಾದ್ರ ಕ್ಯಾಪ್ಟನ್ ಹೇಳಾಕತ್ಯಾಳ, ಕೇಳ್ರಿ," ಎಂದಳು ಸಾಯಮ್ಮ. ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು, ಮೊದಲಿಗಿಂತ ಜೋರಾಗಿ.

ಮೂವತ್ತನೇ ತಾರೀಖು ಹೆದ್ದಾರಿಯ ಎರಡೂ ಕಡೆ ಲಾರಿಗಳು ಕಣ್ಣಿಗೆ ಕಾಣುವಷ್ಟು ದೂರ ನಿಂತಿದ್ದವು. ಡಾಂಬರಿನ ಮೇಲೆ ಸುಣ್ಣದ ಗೆರೆ, ಮರಳು ತುಂಬಿದ ಬಣ್ಣದ ಡಬ್ಬಿಯಲ್ಲಿ ಮೂರು ಸ್ಟಂಪು. ಇಡೀ ಪೇಟೆ ಸೇರಿತ್ತು. ಅರ್ಧ ಜನ ಬಂದದ್ದು ಮಾಣಿಕನ ಮಾತು ಕೇಳಲಿಕ್ಕೆ. ಮನ್ಮಥಪ್ಪ ಪ್ಯಾಡನ್ನು ತಲೆಕೆಳಗಾಗಿ ಕಟ್ಟಿಕೊಂಡು, ಬಿಳಿ ಟೊಪ್ಪಿಗೆ ಧರಿಸಿ, ಹಾರಕ್ಕೆ ಕಾಯುವವನಂತೆ ನಿಂತಿದ್ದ. ಗುರುಬಸವ ಅವತ್ತೊಂದು ದಿನ ನಿಜವಾಗಿ ಎರಡೇ ಮಾತಿನಲ್ಲಿ ಮುಗಿಸಿ ಮೈಕನ್ನು ಮಾಣಿಕನಿಗೆ ಕೊಟ್ಟ.

ಮಾಣಿಕ ಮೈಕಿಗೊಮ್ಮೆ ಊದಿದ. "ಅಣ್ಣಗಳಿರಾ, ಅಕ್ಕಗಳಿರಾ. ಬಸ್ಸು ನಿಂತಾವ. ಸಾಲಿ ನಿಂತಾವ. ನನ್ನ ಬಾಯಿ ಒಂದು ನಡದಿತ್ತು. ಈಗಿಂದ ಅದೂ ಸಮ್ಮಿ." ಎಂದವನೇ ಮೈಕನ್ನು ಡಾಂಬರಿನ ಮೇಲಿಟ್ಟು ಅದರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ.

ಜನ ಮೊದಲು ತಮಾಷೆಯೆಂದು ನಕ್ಕರು. ಅವನು ಏಳಲಿಲ್ಲ.

"ಬೇಡಿಕಿ ಏನಪಾ?" ಡ್ರೈವರ್ ಹಣಮಯ್ಯ ಕೂಗಿದ.

"ಒಂದೇ. ನಾ ಕ್ಯಾಪ್ಟನ್ ಆಗಬೇಕು. ಇವತ್ತ ಸಂಜೀಕ ನನ್ನ ನೌಕರಿ ಮುಗೀತದ."

ಮನ್ಮಥಪ್ಪ ಪ್ಯಾಡು ಎಳೆದುಕೊಂಡು ಹತ್ತಿರ ಬಂದ. "ಮಾಣಿಕ, ಇದಕ್ಕ ಸಮ್ಮಿ ಯಾಕೋ? ಮೊದಲೇ ಕೇಳಬಾರದೇನು? ನಾಕು ದಿನದಿಂದ ನಿದ್ದಿ ಹತ್ತಿಲ್ಲ ನನಗ. ಕಣ್ಣು ಮುಚ್ಚಿದ್ರ ಚೆಂಡು ಮಾರಿಗೇ ಬರ್ತದ. ಹುದ್ದಿ ಇಜ್ಜತ್ತು ಅಂತ ಸುಮ್ಮನಿದ್ದೆ."

"ಕೇಳಿದ್ದೆರಿ."

"ಯಾವಾಗ?"

"ಅರವತ್ತೊಂಬತ್ತರಾಗ. ನ್ಯಾಲ್ಕಲ್ ಹಾಳ ಹೊಲದಾಗ. ಲಾಳಿಕಿ ಕೊಟ್ರಿ ನೀವು."

ಮನ್ಮಥಪ್ಪ ನಗಲು ಬಾಯಿ ತೆರೆದ. ನಗು ಬರಲಿಲ್ಲ. ಅಂಗಡಿ, ಸೀಮೆಎಣ್ಣೆಯ ಪೀಪಾಯಿ, ತಾನು ಕೂಗಿ ತರಿಸಿದ ತಗಡಿನ ಲಾಳಿಕೆ, ಎಲ್ಲ ಒಂದೊಂದಾಗಿ ಅವನ ಮುಖದ ಮೇಲೆ ಬಂದು ಹೋದವು. ಡೇರೆಯಲ್ಲಿ ಕೂತು 'ಅನ್ಯಾಯ, ಅನ್ಯಾಯ' ಎಂದದ್ದೂ ನೆನಪಾಗಿರಬೇಕು, ಕಿವಿ ಕೆಂಪಾದವು. ಅವನು ಟೊಪ್ಪಿಗೆ ತೆಗೆದು, ಎರಡೂ ಕೈಯಲ್ಲಿ ಹಿಡಿದು ಚಾಚಿದ.

"ತಗೋರಿ, ಮಾಣಿಕರಾವ್."

ಮಾಣಿಕ ಎದ್ದು ಟೊಪ್ಪಿಗೆ ಹಾಕಿಕೊಂಡ. ಆಮೇಲೆ ಬಗ್ಗಿ ಮೈಕನ್ನೆತ್ತಿ ಅವನ ಕೈಗಿಟ್ಟ. "ನಿಮ್ಮ ದನಿನೂ ಛಲೋ ಅದರಿ, ಸಾಹೇಬ್ರೆ."

ಲಾರಿ ಡ್ರೈವರುಗಳೂ ಸೇರಿ ಶಿಳ್ಳೆ ಹೊಡೆದರು.

ಕಪ್ತಾನ ಮಾಣಿಕ ಹೇಗಿದ್ದನೆಂದು ಹೇಳಲೇಬೇಕು. ಫೀಲ್ಡರುಗಳನ್ನು ನಿಲ್ಲಿಸುವುದಕ್ಕೆ ಹನ್ನೊಂದು ನಿಮಿಷ ತೆಗೆದುಕೊಂಡ. ಒಂದು ಹಿಡಿ ಮಣ್ಣು ತೂರಿ ಗಾಳಿ ಪರೀಕ್ಷಿಸಿದ. ಹಣಮಯ್ಯನನ್ನು ಮಿರ್ಚಿ ಬಂಡಿಯ ಪಕ್ಕಕ್ಕೆ, ಅಲ್ಲಿಂದ ಒಂದು ಹೆಜ್ಜೆ ಎಡಕ್ಕೆ, ಅಲ್ಲಿಂದ ಅರ್ಧ ಹೆಜ್ಜೆ ಬಲಕ್ಕೆ ಸರಿಸಿದ. "ಇನ್ನ ಸ್ವಲ್ಪ ಸರಿಸಿದ್ರ ನಾ ಬೀದರಿಗೆ ಹೋಗ್ತೀನಪಾ," ಎಂದ ಹಣಮಯ್ಯ. ಪೊಲೀಸ್ ಇನ್ಸ್‌ಪೆಕ್ಟರ್ ಎರಡು ಸಲ ಗಡಿಯಾರ ನೋಡಿದ.

ಮೈಕಿನಲ್ಲಿ ಮನ್ಮಥಪ್ಪ ಕಚೇರಿಯ ಕಡತ ಓದಿದಂತೆ ಓದುತ್ತಿದ್ದ: "ಸದರಿ ಚೆಂಡನ್ನು ಸದರಿ ಮಾಸ್ತರರು ಹೊಡೆದಿರುತ್ತಾರೆ. ಸದರಿ ಚೆಂಡು ಲಾರಿಯ ಕೆಳಗೆ ಹೋಗಿರುತ್ತದೆ. ಮುಂದಿನ ಕ್ರಮ ನಿರೀಕ್ಷಿಸಲಾಗಿದೆ."

ಮಾಸ್ತರುಗಳು ಐದು ಓವರಿಗೆ ನಲವತ್ತೊಂದು ಮಾಡಿದರು. ನೌಕರರ ಬ್ಯಾಟಿಂಗಿನಲ್ಲಿ ಕಪ್ತಾನ ತನ್ನನ್ನು ಕೊನೆಗೆ ಉಳಿಸಿಕೊಂಡಿದ್ದ. ದೊಡ್ಡ ಕಪ್ತಾನರು ಹಾಗೆ ಮಾಡುತ್ತಾರೆಂಬ ಅವನ ನಂಬಿಕೆಗೆ ಚರಿತ್ರೆಯಲ್ಲಿ ಆಧಾರವೇನೂ ಇಲ್ಲ. ಅವನು ಬಂದಾಗ ಮೂವತ್ತೊಂಬತ್ತಾಗಿತ್ತು, ಒಂದೇ ಚೆಂಡು ಬಾಕಿ. ಮೂರು ಬಂದರೆ ಗೆಲುವು, ಎರಡು ಬಂದರೆ ಬ್ರಿಸ್ಬೇನು.

ಇನ್ಸ್‌ಪೆಕ್ಟರ್ ಸೀಟಿ ಊದಿದ. "ಒಂದು ಗಂಟಿ ಆತು! ರಸ್ತಾ ಬಿಡ್ರಿ!"

"ಏಕ್ ಬಾಲ್, ಸಾಬ್! ಏಕ್ ಬಾಲ್!" ಎಂದು ಕಿರುಚಿದವರು ಒಂದು ತಾಸಿನಿಂದ ಶಾಪ ಹಾಕುತ್ತಿದ್ದ ಲಾರಿ ಡ್ರೈವರುಗಳೇ. ಇನ್ಸ್‌ಪೆಕ್ಟರ್ ಸೀಟಿಯನ್ನು ಬಾಯಿಂದ ತೆಗೆದ.

ಮಾಣಿಕ ಹೊಡೆದ. ಚೆಂಡು ಲಾರಿಯ ಟಯರಿಗೆ ಬಡಿದು ವಾಪಸು ಪುಟಿಯಿತು. ಒಂದು ರನ್ ಓಡಿ ಮುಗಿಸಿದ. ತಿರುಗಿದ. ಎರಡನೆಯದಕ್ಕೆ ಐವತ್ತೆಂಟು ವರ್ಷದ ಮೊಣಕಾಲುಗಳು ಬಸ್ಸಿನ ಹಳೆಯ ಗೇರಿನಂತೆ ಕಿರುಗುಟ್ಟಿದವು. ಗೆರೆಗೆ ಒಂದು ಗೇಣು ಇರುವಾಗ ಸ್ಟಂಪಿನ ಡಬ್ಬಿ ಉರುಳಿತು.

ಮೈಕಿನಲ್ಲಿ ಮನ್ಮಥಪ್ಪ, ಸದರಿಗಳನ್ನೆಲ್ಲ ಮರೆತು, ನ್ಯಾಲ್ಕಲ್ಲಿನ ಹುಡುಗನ ದನಿಯಲ್ಲಿ ಹೇಳಿದ: "ಔಟ್ ಆಗ್ಯಾನ. ನಮ್ಮ ಕ್ಯಾಪ್ಟನ್ ಔಟ್ ಆಗ್ಯಾನ. ಒಂದು ರನ್ನಿಗೆ ಸೋತೀವಿ."

ರಸ್ತೆ ತೆರವಾಯಿತು. ಸಾಯಮ್ಮ ಬಂದು ಗಂಡನ ತೋಳು ಹಿಡಿದು ರಸ್ತೆಯಂಚಿಗೆ ಕರೆತಂದಳು. ಮೊದಲ ಲಾರಿ ಹೊರಟಿತು, ಅವನ ಮುಂದೆ ಬರುತ್ತಿದ್ದಂತೆ ಉದ್ದಕ್ಕೆ ಹಾರ್ನ್ ಊದಿತು. ಎರಡನೆಯದೂ ಊದಿತು, ಮೂರನೆಯದೂ. ಟೊಪ್ಪಿಗೆಯಲ್ಲಿದ್ದ ಮಾಣಿಕ ನೆಟ್ಟಗೆ ನಿಂತು, ಬಸ್ಸಿಗೆ ಹೊರಡುವ ಸನ್ನೆ ಕೊಡುವಂತೆ ಪ್ರತಿಯೊಂದಕ್ಕೂ ಬಲಗೈ ಎತ್ತತೊಡಗಿದ.

"ಇವ್ರು ಹೊಗಳಾಕತ್ಯಾರೋ, ಬೈಯಾಕತ್ಯಾರೋ?" ಸಾಯಮ್ಮ ಅವನ ಕಿವಿಯ ಹತ್ತಿರ ಕೂಗಿ ಕೇಳಿದಳು.

"ಸುಮ್ಕಿರು ಸಾಯಿ," ಎಂದ ಮಾಣಿಕ, ಕೈ ಇಳಿಸದೆ. "ಇನ್ನ ಬಾಳ ಗಾಡಿ ಅವ."